ಆರನೇ ಸಾಲಿನ ಹೆಸರು

ಊರವರೆಲ್ಲ ಬೋರ್ಡಣ್ಣ ಎಂದು ಕರೆಯುವ ನಾನು, ವಯಸ್ಸು ಎಪ್ಪತ್ತೊಂದು, ಕಸುಬು ಬೋರ್ಡು ಬರೆಯುವುದು, ವಾಸ ಚುನಾವಣಾ ಕಚೇರಿಯ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಇಂದು ಬೆಳಿಗ್ಗೆ 10-15ಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಕಚೇರಿಯ ಮೊದಲ ಮಹಡಿಯಲ್ಲಿ, ಮೆಟ್ಟಿಲಿಗೆ ಎದುರಾಗಿ, ಆರಡಿ ಎತ್ತರ ನಾಲ್ಕಡಿ ಅಗಲದ ಮರದ ಕಪ್ಪು ಬೋರ್ಡು ಇದೆ. ನಮ್ಮ ವಿಧಾನಸಭಾ ಕ್ಷೇತ್ರದ ಮೊದಲ ಚುನಾವಣೆಯಿಂದ ಇಲ್ಲಿಯವರೆಗೆ ಗೆದ್ದವರ ಹೆಸರು ಮತ್ತು ಗೆಲುವಿನ ಅಂತರ ಅದರಲ್ಲಿವೆ. ಒಟ್ಟು ಹದಿನಾರು ಸಾಲು. ಮೊದಲ ಐದು ನನ್ನ ಗುರುಗಳು ಬರೆದದ್ದು, ಉಳಿದವು ನನ್ನವು. ವಕೀಲರೊಬ್ಬರು ಮೂರು ಸಲ ಗೆದ್ದು ನಾಲ್ಕನೇ ಸಲ ಠೇವಣಿಯನ್ನೂ ಕಳೆದುಕೊಂಡದ್ದು, ಗೆದ್ದವರು ತೀರಿಕೊಂಡು ಉಪಚುನಾವಣೆ ನಡೆದದ್ದು, ಗಡಿ ಬದಲಾಗಿ ಹೊಳೆಯಾಚೆಯ ಅರ್ಧ ಊರು ಪಕ್ಕದ ಕ್ಷೇತ್ರಕ್ಕೆ ಹೋದದ್ದು ಎಲ್ಲ ನನಗೆ ಬಾಯಿಪಾಠ. ತಕರಾರು ಇರುವುದು ಆರನೇ ಸಾಲಿನ ಬಗ್ಗೆ ಮಾತ್ರ.

ನಲವತ್ತೇಳು ವರ್ಷಗಳ ಹಿಂದೆ ನರ್ಸಕ್ಕ ಆಸ್ಪತ್ರೆಯ ಕೆಲಸ ಬಿಟ್ಟು ಚುನಾವಣೆಗೆ ನಿಂತರು. ನನ್ನ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದವರು ಅವರೇ. ಎಣಿಕೆಯ ದಿನ ಸಂಜೆ ಐದಕ್ಕೆ ಅವರು ಹನ್ನೊಂದು ಮತಗಳಿಂದ ಮುಂದಿದ್ದಾರೆ, ಎಣಿಕೆ ಮುಗಿಯಿತು ಎಂದು ತಿಳಿಯಿತು. ಅಧಿಕಾರಿಯ ಸಹಿ ಬಿದ್ದ ಮೇಲೆಯೇ ಬೋರ್ಡು ಬರೆಯುವುದು ವಾಡಿಕೆ. ನಾನು ಖುಷಿಯಲ್ಲಿ ಸಹಿಗೆ ಕಾಯದೆ ಅವರ ಹೆಸರನ್ನೂ ಹನ್ನೊಂದು ಎಂಬ ಅಂತರವನ್ನೂ ಬರೆದುಬಿಟ್ಟೆ. ಮರುದಿನ ಬೆಳಿಗ್ಗೆ, ಅಕ್ಷರ ಹೊಳೆಯಲಿ ಎಂದು ಆ ಸಾಲಿಗೆ ವಾರ್ನಿಷನ್ನೂ ಹೊಡೆದೆ. ಅದೇ ಮಧ್ಯಾಹ್ನ ಮರುಎಣಿಕೆಯಾಗಿ, ಎದುರಾಳಿಯಾದ ಮರದ ಮಿಲ್ಲಿನ ಯಜಮಾನರು ನಾಲ್ಕು ಮತಗಳಿಂದ ಗೆದ್ದರೆಂದಾಯಿತು.

ಸಂಜೆ ಆರಕ್ಕೆ ನರ್ಸಕ್ಕನ ಹೆಸರಿಗೆ ನಾನೇ ಕಪ್ಪು ಬಳಿದೆ. ಅವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದೆಯಲ್ಲಪ್ಪ, ಅದೂ ನನಗೇ, ಎಂದು ಹೇಳಿ ನಕ್ಕರು. ನನಗೆ ನಾಚಿಕೆಯಾಯಿತು. ವಾರ್ನಿಷಿನ ಮೇಲೆ ಬಣ್ಣ ನಿಲ್ಲಬೇಕಾದರೆ ಉಜ್ಜಿ ಎರಡು ಕೋಟು ಹೊಡೆಯಬೇಕು. ನಾನು ಉಜ್ಜಲಿಲ್ಲ. ಎರಡನೇ ಕೋಟಿಗೆ ಕೈ ಬರಲಿಲ್ಲ. ಹಾಗೆಯೇ ಅದರ ಮೇಲೆ ಯಜಮಾನರ ಹೆಸರು ಬರೆದು ಇಳಿದೆ.

ನಾಲ್ಕು ವರ್ಷ ಎಂಟು ತಿಂಗಳ ನಂತರ ನ್ಯಾಯಾಲಯವು ಮತಪತ್ರಗಳನ್ನು ತರಿಸಿ ಎಣಿಸಿ, ನರ್ಸಕ್ಕನೇ ಒಂಬತ್ತು ಮತಗಳಿಂದ ಗೆದ್ದವರು ಎಂದು ತೀರ್ಪು ಕೊಟ್ಟಿತು. ಅವರು ಸದನದಲ್ಲಿ ಕೂತದ್ದು ಆರು ದಿನ. ಅಷ್ಟರಲ್ಲಿ ಮುಂದಿನ ಚುನಾವಣೆ ಬಂತು. ಬೋರ್ಡು ತಿದ್ದು ಎಂದು ನನಗೆ ಯಾರೂ ಹೇಳಲಿಲ್ಲ. ಬ್ರಷ್ ಕೈಯಲ್ಲಿದ್ದೂ ನಾನೂ ಕೇಳಲಿಲ್ಲ.

ಇದೇ ತಿಂಗಳು ಮೂರನೇ ತಾರೀಕು ಕೋಣೆಗಳ ಬಾಗಿಲಿಗೆ ನಂಬರು ಬರೆಯಲು ಕಚೇರಿಗೆ ಹೋದಾಗ, ಮರದ ಬೋರ್ಡು ತೆಗೆದು ಉಕ್ಕಿನ ಬೋರ್ಡು ಹಾಕುತ್ತಾರೆ, ಅದನ್ನು ಮಾಡುವ ಅಚ್ಚಿನವರು ನಕಲಿಗೆಂದು ಮರುದಿನ ಹನ್ನೊಂದಕ್ಕೆ ಹಳೆಯದರ ಫೋಟೋ ತೆಗೆಯುತ್ತಾರೆ ಎಂದು ತಿಳಿಯಿತು. ಆ ಸಾಲು ತಿದ್ದಬೇಕೆಂದು ನರ್ಸಕ್ಕನ ಮೊಮ್ಮಗಳು ಮೂರು ಅರ್ಜಿ ಕೊಟ್ಟು ಉತ್ತರ ಬಾರದೆ ಸುಸ್ತಾಗಿದ್ದಳು. ಅವಳಿಂದ ತೀರ್ಪಿನ ಪ್ರತಿ ತಂದು ಹೆಡ್ ಗುಮಾಸ್ತರಿಗೆ ತೋರಿಸಿದೆ. ಅವರು ಓದಲಿಲ್ಲ. "ಹಳೇ ಬೋರ್ಡಲ್ಲಿ ಏನಿದೆಯೋ ಹೊಸದ್ರಲ್ಲೂ ಅದೇ ಬರುತ್ತೆ. ತೀರ್ಪು ಗೀರ್ಪು ಅಂತ ತಲೆ ತಿನ್ಬೇಡಿ" ಎಂದರು. ದೊಡ್ಡವರ ಮಾತು, ನಾನು ಹಾಗೆಯೇ ನಡೆದುಕೊಂಡೆ.

ನಾಲ್ಕನೇ ತಾರೀಕು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಏಣಿ ಹಾಕಿ ಆರನೇ ಸಾಲಿಗೆ ಉಗುರು ಕೊಟ್ಟೆ. ಮೊದಲೇ ಬಿರುಕು ಬಿಟ್ಟಿದ್ದ ಕಪ್ಪು, ಯಜಮಾನರ ಹೆಸರಿನ ಸಮೇತ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಆ ಚೂರುಗಳನ್ನು ಬಿಸಾಡಿಲ್ಲ, ಪೊಟ್ಟಣ ಕಟ್ಟಿ ಇಲ್ಲಿ ಹಾಜರುಪಡಿಸಿದ್ದೇನೆ. ಕೆಳಗೆ ನರ್ಸಕ್ಕನ ಹೆಸರು, ನಾನು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬರೆದ ಅಕ್ಷರ, ಒಂದು ಕೊಂಬೂ ಕೆಡದೆ ಇತ್ತು. ಏಣಿಯ ಮೇಲೆಯೇ ಅತ್ತೆ.

10-05ಕ್ಕೆ ಮೊಮ್ಮಗಳು ನರ್ಸಕ್ಕನನ್ನು ಕರೆತಂದಳು. ಅವರಿಗೆ ಈಗ ಎಂಬತ್ತನಾಲ್ಕು. ಇಪ್ಪತ್ತೆರಡು ಮೆಟ್ಟಿಲನ್ನು ಕುರ್ಚಿ ಸಮೇತ ಹತ್ತಿಸಿದೆವು, ನಡುವೆ ಮೂರು ಸಲ ನಿಂತೆವು, ಎರಡು ಸಲ ನನಗೋಸ್ಕರ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸಂತೋಷಪಡುತ್ತಾರೆ ಎಂದು ನಾನು ಕಾದೆ.

"ಹನ್ನೊಂದಲ್ಲ ಕಣೋ, ಒಂಬತ್ತು" ಎಂದರು.

ಮೊದಲ ಎಣಿಕೆಯಲ್ಲಿ ಹನ್ನೊಂದೇ ಇತ್ತು, ಈಗ ಅದನ್ನು ಯಾರು ನೋಡುತ್ತಾರೆ ಎಂದು ನಾನು ಹೇಳಿದೆ.

"ನಂದಲ್ಲದ ಎರಡು ಮತ ನಂಗ್ಯಾಕೋ? ತಿದ್ದು" ಎಂದರು.

ತಿದ್ದಿದೆ. ಆಗ 10-35. ಆಮೇಲೆ ಅವರು ನನ್ನ ಬಣ್ಣದ ಕೈಯನ್ನು ಹಿಡಿದುಕೊಂಡರು. ಹನ್ನೊಂದಕ್ಕೆ ಅಚ್ಚಿನವರು ಫೋಟೋ ತೆಗೆಯುವಾಗ ಆ ಅಂಕಿ ಇನ್ನೂ ಹಸಿಯಾಗಿತ್ತು. ಗುಮಾಸ್ತರು ಬೋರ್ಡು ನೋಡಿದ್ದು 11-20ಕ್ಕೆ.

ಗೆದ್ದವರ ಹೆಸರು ಅಳಿಸಿ ಹೊಸ ಹೆಸರು ಬರೆದಿದ್ದೇನೆ ಎಂದು ಅವರ ದೂರಿನಲ್ಲಿದೆಯಂತೆ. ಹೊಸದಾಗಿ ಬರೆದದ್ದು ಒಂಬತ್ತು ಎಂಬ ಅಂಕಿ ಮಾತ್ರ. ಬೋರ್ಡನ್ನು ಮೊದಲಿನ ಹಾಗೆ ಮಾಡಿಕೊಟ್ಟರೆ ದೂರು ವಾಪಸ್ಸು ಪಡೆಯುವುದಾಗಿ ಹೇಳಿಕಳಿಸಿದ್ದಾರೆ. ಆ ಹೆಸರಿಗೆ ಒಂದು ಕೋಟು ನಾನು ಬಳಿದಾಗಿದೆ. ಎರಡನೆಯದು ನನ್ನಿಂದ ಆಗುವುದಿಲ್ಲ.

ಮೇಲೆ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಅಂಕಿಗಳನ್ನು ಎರಡು ಸಲ ಓದಿಸಿಕೊಂಡಿದ್ದೇನೆ. ಇರುವುದಷ್ಟೇ ಇದೆ, ಹೆಚ್ಚಿಗೆ ಏನೂ ಸೇರಿಲ್ಲ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಮೇಜು
ದಿನಾಂಕ: ಇದೇ ತಿಂಗಳ ಐದು, ಬೆಳಿಗ್ಗೆ 11-40
ಸಹಿ: ಬೋರ್ಡಣ್ಣ