ಬಲಗಡೆ ಟ್ಯಾಂಕಿನ ಮುಚ್ಚಳ

ನನ್ನ ಹೆಸರು ಮೆಲ್ವಿನ್ ಪಿಂಟೊ, ವಯಸ್ಸು 37, ಪಂಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ಊರು ಮಂಗಳೂರು, ಸದ್ಯದ ವಾಸ ಕೊಯಮತ್ತೂರಿನ ಸಿಂಗಾನಲ್ಲೂರು. ವಿಮಾನ ಬಿದ್ದು ತೀರಿಕೊಂಡ ನನ್ನ ಗೆಳೆಯ ಕುಮರೇಶನ್ ವಿಷಯವಾಗಿ ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ:

ಕುಮರೇಶನ್ ಮನೆಯವರು ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ನೆಲೆಸಿದ ಕನ್ನಡದ ನೇಕಾರರು. ಕಾಂಗೇಯಂ ಬಳಿಯ ಖಾಸಗಿ ರನ್‌ವೇ ಪಕ್ಕದ ಶೆಡ್ಡಿನಲ್ಲಿ ನಾವಿಬ್ಬರೂ ಸೇರಿ ಈ ಪುಟ್ಟ ವಿಮಾನ ಕಟ್ಟಿದೆವು. ರೆಕ್ಕೆಗೊಂದು ಪೆಟ್ರೋಲ್ ಟ್ಯಾಂಕು. ಪ್ರತಿ ಮುಚ್ಚಳದ ನಡುವೆ ಗಾಳಿ ಒಳಹೋಗಲು ಸೂಜಿಯಷ್ಟು ತೂತು; ಅದು ಮುಚ್ಚಿದರೆ ಪೆಟ್ರೋಲ್ ಎಂಜಿನ್ನಿಗೆ ಹರಿಯದು.

01.10.2025ರ ಆಯುಧಪೂಜೆಯಂದು ಅವನ ತಾಯಿ ಪೆರಿಯನಾಯಕಿಯವರು ಮಗ್ಗಗಳ ಪೂಜೆ ಮುಗಿಸಿ ಶೆಡ್ಡಿಗೂ ಬಂದರು. ಸ್ಟೂಲ್ ಹತ್ತಿ ವಿಮಾನಕ್ಕೆ ಗಂಧ, ಕುಂಕುಮ ಇಟ್ಟರು. ಎಡರೆಕ್ಕೆ ಗೋಡೆಯ ಕಡೆಗಿದ್ದುದರಿಂದ ಬಲಗಡೆ ಮುಚ್ಚಳಕ್ಕೆ ಮಾತ್ರ ಕೈ ಎಟುಕಿತು. ಪೂಜೆಯ ಗಂಧ ತಾನಾಗಿ ಉದುರಬೇಕು, ಒರೆಸಬಾರದು ಎಂಬುದು ಅವರ ಮನೆಯ ಪದ್ಧತಿ.

05.10.2025ರಂದು ಹಾರಿ ಇಳಿದ ಕುಮರೇಶನ್, ಎಡ ಟ್ಯಾಂಕು ಬೇಗ ಖಾಲಿಯಾಗುತ್ತಿದೆ, ಬಲದ್ದು ಇಳಿಯುತ್ತಲೇ ಇಲ್ಲ ಎಂದನು. ಪೈಪು ಬದಲಿಸಿದೆವು, ಫಿಲ್ಟರ್ ಬದಲಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಡ್ಡಿ ಇಳಿಸಿ ಅಳೆಯಲು ಮುಚ್ಚಳ ತೆಗೆಯುತ್ತಿದ್ದೆವು, ತೆಗೆದೊಡನೆ ಗಾಳಿ ಒಳಹೋಗಿ ಎರಡೂ ಸಮನಾಗಿ ಹರಿಯುತ್ತಿದ್ದವು. ಸರಿಯಾಯಿತೆಂದು ಇಬ್ಬರೂ ನಂಬಿದೆವು.

12.10.2025, ಭಾನುವಾರ ಬೆಳಿಗ್ಗೆ 7.10ಕ್ಕೆ ಅವನೊಬ್ಬನೇ ಹಾರಿದನು. 7.50ಕ್ಕೆ ಎಂಜಿನ್ ಸದ್ದು ನಿಂತಿತು. ರನ್‌ವೇಯಿಂದ ಸುಮಾರು 600 ಮೀಟರ್ ದೂರದ ತೆಂಗಿನ ತೋಪಿನಲ್ಲಿ ವಿಮಾನ ಬಿದ್ದಿತ್ತು. ನಾನು ಓಡಿ ತಲುಪುವಾಗ ಉಸಿರಿರಲಿಲ್ಲ. ಅವನ ಕೈ ಪೆಟ್ರೋಲ್ ಬಿಡುವ ನಲ್ಲಿಯ ಮೇಲಿತ್ತು, ಇನ್ನೂ ಬೆಚ್ಚಗಿತ್ತು. ಎಡ ಟ್ಯಾಂಕು ಒಣಗಿತ್ತು, ಬಲದ್ದು ಅರ್ಧ ತುಂಬಿತ್ತು. ಅದರ ಮುಚ್ಚಳದ ತೂತಿನಲ್ಲಿ ಗಂಧ ಕಲ್ಲಿನಂತೆ ಗಟ್ಟಿಯಾಗಿತ್ತು. ಅಲ್ಲೇ ಕುಳಿತು ಅತ್ತೆನು.

ಮೂರನೆಯ ದಿನ ಪೆರಿಯನಾಯಕಿಯವರು ನನ್ನ ಕೈ ಹಿಡಿದು, "ತಂಬಿ, ವಂಡಿ ಯಾಕೆ ನಿಂತೋಯ್ತು? ನಿಜ ಹೇಳು" ಎಂದು ಕೇಳಿದರು. ಎಂಜಿನ್ ಕೆಟ್ಟಿತಮ್ಮಾ ಎಂದೆನು.

ಹೇಳಿಕೆಯನ್ನು ತಮಿಳಿನಲ್ಲಿ ಕೊಡಬಹುದೆಂದೂ ಅದರ ಪ್ರತಿ ಮೃತರ ಮನೆಗೂ ಹೋಗಬಹುದೆಂದೂ ಅಧಿಕಾರಿಗಳು ತಿಳಿಸಿದರು. ಆ ತಾಯಿ ತಮಿಳು ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಮನೆಯಲ್ಲಿ ಆಡುವುದು ಕನ್ನಡವಾದರೂ ಕನ್ನಡ ಅಕ್ಷರ ಅವರಿಗೆ ಬಾರದು. ಆದ್ದರಿಂದ ಇದನ್ನು ಕನ್ನಡದಲ್ಲೇ ಬರೆದುಕೊಟ್ಟಿದ್ದೇನೆ. ತಮಿಳು ಮಾಡಿಸಿದರೆ ಅದು ಠಾಣೆಯಲ್ಲೇ ಇರಲಿ ಎಂದು ಕೈಮುಗಿದು ಕೇಳುತ್ತೇನೆ.

ಮೇಲೆ ಬರೆದುದರಲ್ಲಿ ಸುಳ್ಳಿಲ್ಲ. ಅವರಿಗೆ ಹೇಳಿದ್ದೊಂದೇ ಸುಳ್ಳು.

ಸ್ಥಳ: ಕಾಂಗೇಯಂ
ದಿನಾಂಕ: 16.10.2025
ಸಹಿ: ಮೆಲ್ವಿನ್ ಪಿಂಟೊ