ತಣ್ಣೀರಿನ ಬಟ್ಟಲು

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಇಬ್ಬರು ಎದ್ದು ಹೋಗುತ್ತೀರಿ. ಆ ಊರಲ್ಲೊಬ್ಬ ಸಾವುಕಾರ. ಕಬ್ಬಿನ ಗದ್ದೆ ಅವನದೇ, ಬೆಲ್ಲ ಮಾಡುವ ಆಲೆಮನೆಯೂ ಅವನದೇ. ಪಾಕದ ಹದ ನೋಡುವವನು ಮಾತ್ರ ಒಬ್ಬ ಮುದುಕ.

ಸಾವುಕಾರನಿಗೆ ಅದೇ ಸಂಕಟ. ಜನ ಅವನ ಬೆಲ್ಲ ತಿನ್ನುತ್ತಾರೆ, ಮುದುಕನನ್ನು ಹೊಗಳುತ್ತಾರೆ. ಸರಿ, ತಾನೇ ಕಲಿತುಬಿಡೋಣ ಎಂದು ಮೂರು ದಿನ ಕೊಪ್ಪರಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಮುದುಕ ಏನು ಮಾಡುತ್ತಾನೆ? ಕುದಿಯುವ ಪಾಕದ ಒಂದು ತೊಟ್ಟು ತೆಗೆದು ತಣ್ಣೀರಿನ ಬಟ್ಟಲಿಗೆ ಬಿಡುತ್ತಾನೆ, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಆಗಿಲ್ಲ. ಮತ್ತೆ ಬಿಡುತ್ತಾನೆ, ಮತ್ತೆ ನೋಡುತ್ತಾನೆ. ನೋಡಿ, ಪ್ರತಿ ಕೊಪ್ಪರಿಗೆಗೂ ಇದೇ.

ಸಾವುಕಾರ ನಕ್ಕ. "ಏನಯ್ಯಾ, ನಲವತ್ತು ವರ್ಷ ಆಯ್ತು. ಇನ್ನೂ ನೀರಿಗೆ ಬಿಟ್ಟೇ ನೋಡ್ಬೇಕಾ?"

"ನಂಗೆ ನಲವತ್ತು ವರ್ಸ ಆಯ್ತು ಬುದ್ದಿ. ಈ ಕಬ್ಬಿನ ಹಾಲ್ಗೆ ಇವತ್ತೇ ಮೊದಲ್ನೇ ದಿನ."

ಸಾವುಕಾರನಿಗೆ ಅದು ಮುದುಕನ ಕೆಮ್ಮಿನಷ್ಟೇ ಕೇಳಿಸಿತು.

ಆ ವಾರವೇ ಅವನ ಮಗಳ ಮದುವೆ ಮಾತಿಗೆ ಗಂಡಿನವರು ಬರುವವರಿದ್ದರು. ಹುಡುಗಿಗೆ ಹುಡುಗ ಹಿಡಿಸಿದ್ದ. ಅವನ ತಂದೆ ಹೂಂ ಅನ್ನುವುದೊಂದೇ ಬಾಕಿ. ಸಾವುಕಾರ ಅವರನ್ನು ನೇರ ಆಲೆಮನೆಗೇ ಕರೆದ. "ನಾನೇ ಕೈಯಾರೆ ಬೆಲ್ಲ ಮಾಡಿ ನಿಮ್ಮ ಬಾಯಿ ಸಿಹಿ ಮಾಡ್ತೀನಿ" ಎಂದ. ಮುದುಕನನ್ನು ಇನ್ನೊಂದು ಒಲೆಗೆ ಅಟ್ಟಿದ. ನನ್ನಂಥ ಒಬ್ಬ ಸ್ವಾಮಿಯೂ ಬಂದಿದ್ದ; ಊಟ ಇರುವಲ್ಲಿ ನಾವು ಇದ್ದೇ ಇರುತ್ತೇವೆ.

ಪಾಕ ಉಕ್ಕಿ ಬಂತು. ಮಗಳು ಬಟ್ಟಲು ಹಿಡಿದು ಬಂದಳು. "ಅಪ್ಪಾ, ಒಂದ್ಸಲ ನೀರಿಗೆ ಬಿಟ್ಟು ನೋಡು."

"ಸುಮ್ನಿರೇ. ಬೀಗರ ಎದುರಿಗೆ ನೋಡಿದ್ರೆ ನಂಗೆ ಬರಲ್ಲ ಅಂದ್ಕೋತಾರೆ."

ನೋಡದೆಯೇ ಇಳಿಸಿದ. ಹದ ಮೀರಿ ಹೋಗಿತ್ತು. ಅಚ್ಚಿನಲ್ಲಿ ಆರಿದ ಮೇಲೆ ಗಂಡಿನ ತಂದೆ ಒಂದು ಚೂರು ಕಚ್ಚಿದರು. ಕಚ್ಚಿದ್ದು ಬಿಡಲಿಲ್ಲ. ಎಳೆದರು. ಬೆಲ್ಲದ ಜೊತೆ ಮೇಲಿನ ಹಲ್ಲಿನ ಸೆಟ್ಟೂ ಈಚೆ ಬಂತು. ಸ್ವಾಮಿ ತನ್ನ ಚೂರನ್ನು ಮೆಲ್ಲಗೆ ಜೋಳಿಗೆಗೆ ಇಳಿಸಿದ.

ಗಂಡಿನ ತಂದೆ ಹಲ್ಲನ್ನು ಕೈಯಲ್ಲಿ ಹಿಡಿದೇ ಕೇಳಿದರು. "ಬೆಲ್ಲನೇ ನೋಡ್ದೆ ಕೊಟ್ಬಿಟ್ರಿ ಸಾವ್ಕಾರ್ರೆ. ಮಗಳನ್ನೂ ಹಿಂಗೇ ಕೊಡ್ತಿದೀರೇನು?"

ಮಗಳು ಇನ್ನೊಂದು ಒಲೆಗೆ ಹೋಗಿ ಮುದುಕನ ಪಕ್ಕ ನಿಂತಳು. ಎಲ್ಲರೆದುರೇ ಪಾಕವನ್ನು ನೀರಿಗೆ ಬಿಟ್ಟಳು. "ಆಗಿಲ್ಲ" ಎಂದಳು. ಮತ್ತೆ ಬಿಟ್ಟಳು. "ಇನ್ನೂ ಆಗಿಲ್ಲ." ಮೂರನೆಯ ಸಲ ಉಂಡೆ ಕಟ್ಟಿ ಮುದುಕನ ಮುಖ ನೋಡಿದಳು. ಅವನು ತಲೆಯಾಡಿಸಿದ. ಇಳಿಸಿದರು. ಆ ಬೆಲ್ಲವನ್ನು ಗಂಡಿನ ತಂದೆ ಹಲ್ಲಿಲ್ಲದೆಯೇ ಚೀಪಿದರು.

"ಈ ಹುಡ್ಗಿ 'ಆಗಿಲ್ಲ' ಅನ್ನಕೆ ನಾಚ್ಕೊಳಲ್ಲ. ನಮ್ಮನೇಲಿ ಅಂಥೋರು ಒಬ್ರೂ ಇಲ್ಲ. ಬರ್ಲಿ" ಎಂದರು.

ಈಗ ಹೇಳಿ, ಕೆಲಸ ಬಲ್ಲವರು ಯಾರು? ಇಪ್ಪತ್ತು ವರ್ಷದಿಂದ ಸಾರು ಮಾಡುವ ತಾಯಂದಿರೇ, ನಿನ್ನೆ ಬಡಿಸುವ ಮೊದಲು ರುಚಿ ನೋಡಿದಿರಾ? ನೈವೇದ್ಯದ ನೆಪ ಹೇಳಬೇಡಿ; ಉಪ್ಪಿಲ್ಲದ್ದನ್ನು ಕೊಟ್ಟರೂ ದೇವರು ಸುಮ್ಮನಿರುವುದು ದಾಕ್ಷಿಣ್ಯಕ್ಕೆ. ಮೇಷ್ಟ್ರೇ, ಹಳೆಯ ಪಾಠವನ್ನು ಮಕ್ಕಳ ಮುಖ ನೋಡಿ ಹೇಳಿದಿರಾ, ಗೋಡೆ ನೋಡಿ ಹೇಳಿದಿರಾ?

ನಾಳೆ ಬೆಳಿಗ್ಗೆ ಒಂದು ಮಾಡಿ. ನಿಮಗೆ ತುಂಬ ಚೆನ್ನಾಗಿ ಬರುವ ಕೆಲಸ ಯಾವುದೋ, ಅದನ್ನೇ ಮುಗಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡಿ ನೋಡಿ. ನಾಲ್ಕು ಜನರ ಎದುರೇ ನೋಡಿ. ಆಗಿಲ್ಲದಿದ್ದರೆ ಆಗಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಹಾಂ, ಆ ಕಂಬಕ್ಕೆ ಒರಗಿ ನಿದ್ದೆ ಹೋದವರನ್ನು ಎಬ್ಬಿಸಬೇಡಿ. ಮೂವತ್ತು ವರ್ಷದಿಂದ ಮಾತಾಡುತ್ತಿದ್ದೇನೆ. ಅವರೇ ನನ್ನ ತಣ್ಣೀರಿನ ಬಟ್ಟಲು. ಇವತ್ತೂ ಆಗಿಲ್ಲ.