ಗಂಟು ಹುಡುಕುವ ಬೆರಳು

ಸಂಜೆಗೆ ಮಳೆ ಹಿಡಿಯಿತು, ಕರೆಂಟು ಹೋಯಿತು, ಬನಹಟ್ಟಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಕೆಲಸದವರು ಚಹಾ ಹಿಡಿದು ಶೆಡ್ಡಿನ ಒಡತಿ ಇಂದ್ರವ್ವನ ಸುತ್ತ ಕುಳಿತರು. ಶೇವಂತಿ ಮಾತ್ರ ಮೂರನೆಯ ಮಗ್ಗ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದ ಅವಸರದಲ್ಲಿ ಹರಿದ ಎಳೆಗೆ ಗಂಟು ಹಾಕಿದ್ದಳು. ಅದು ಸೀರೆಯಲ್ಲಿ ಎದ್ದು ಕಾಣುತ್ತಿತ್ತು. ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಆ ಶೆಡ್ಡಿನಲ್ಲಿ ಎಳೆ ಹರಿದರೆ ಬೂದಿ ಹಚ್ಚಿ ಹೊಸೆಯಬೇಕು. ಗಂಟು ಹಾಕಿದವರಿಗೆ ಮರುದಿನ ಕೆಲಸವಿಲ್ಲ.

ಈ ಕಟ್ಟಳೆ ಯಾಕೆಂದು ಯಾರೋ ಕೇಳಿದರು. ಇಂದ್ರವ್ವ ಬಟ್ಟಲು ಕೆಳಗಿಟ್ಟಳು.

"ಹ್ವಾದ ವರ್ಷ ನಾವು ಮನಿಮಂದಿ ಟೆಂಪೊ ಮಾಡ್ಕೊಂಡು ಸಮುದ್ರ ನೋಡಾಕ ಹೋಗಿದ್ವಿಲ್ಲ? ಮಲ್ಪಿಯಾಗ ದೋಣಿ ಹತ್ತಿ ನಡುಗಡ್ಡಿಗಿ ಹೋದ್ವಿ... ಕಬ್ಬಿನ ಹೊರಿ ನಿಲ್ಲಿಸಿಧಂಗ ಕಲ್ಲಕಂಬ ಅದಾವು ಅಲ್ಲೆ. ಬಾರಕೂರಂತ ಹಳೇ ರಾಜರ ಊರು ನೋಡಿದ್ವಿ. ಇವ್ರು ಎಲ್ಲಾ ನೋಡಿ, ನಮ್ಮ ಜಮಖಂಡೀನ ಛಲೋ ಅಂದ್ರು. ಕಡೀಕ ಹಂಚಿನ ಭಟ್ಟಿ ಬಾಜೂಕ ಒಂದು ನೇಯ್ಗಿ ಕಾರ್ಖಾನಿ, ಬಂದಾಗಿ ಎಷ್ಟೋ ವರ್ಷ. ಒಳಗ ಕೈಮಗ್ಗ, ಅದರ ಮ್ಯಾಲ ಅರ್ಧಾ ನೇದ ಬಟ್ಟಿ, ಕುಂಡ್ರಬ್ಯಾಡ್ರಿ ಅಂತ ಬೋರ್ಡು. ಬನಹಟ್ಟಿ ನೇಕಾರ ಕೇಳ್ತಾನೇನು? ಇವ್ರು ಕುಂತ್ರು. ಮಗ್ಗದ ಕೆಳಗ ಇಟ್ಟ ಕಾಲು ಏಳವಲ್ದು..."

ಮೂಲೆಯಲ್ಲಿದ್ದ ಗಂಡ ಧರೆಪ್ಪ ಮೊಣಕಾಲು ತಿಕ್ಕಿಕೊಂಡ.

"ಹಿಂದಿಂದ ಒಂದು ಬೆರಳು ಬಂತು. ಮನಷ್ಯಾ ಇಲ್ಲ, ಬೆರಳಷ್ಟ. ಬಟ್ಟಿ ಮ್ಯಾಲ ಸವರಿಕೊಂತ ಹೋಗಿ, ಗಂಟ ಸಿಕ್ಕಲ್ಲೆ ನಿಂತು, ಟಕ್ ಅಂತ ಹರದಬಿಡ್ತು. ಸತ್ತ ಮೇಸ್ತ್ರೀದಂತ ಅದು. ಸತ್ತರೂ ಡ್ಯೂಟಿ ಬಿಟ್ಟಿಲ್ಲ. ಗಂಟಿಲ್ಲದ ಒಂದು ಗೇಣು ನೇದ್ರ ಬಿಡ್ತಾನ ಅಂತ ಹೇಳಿ ಅಲ್ಲೀ ಕಾವಲುಗಾರ ಓಡಿಹ್ವಾದ. ಇವ್ರು ಕಟ್ಟೂದು, ಅದು ಹರಿಯೂದು... ಅಷ್ಟ್ರಾಗ ಇವರ ಕಾಲು ಮೊಣಕಾಲ ಮಟಾ ಕಟಗಿ ಆಗಿತ್ತು. ನಾ ಏನ ಮಾಡ್ಲಿ? ಹಣೀ ಮ್ಯಾಲಿನ ವಿಭೂತಿ ಬೆರಳಿಗಿ ಹಚ್ಕೊಂಡೆ, ಎಳಿ ಎರಡೂ ತುದಿ ಕೂಡಿಸಿ ಹೊಸದೆ, ನಮ್ಮವ್ವ ಕಲಿಸಿಧಂಗ. ನೇಯ್ರಿ ಅಂದೆ. ಗೇಣಾತು. ಬೆರಳು ಬಂತು... ಹೋತು... ಮತ್ತ ಬಂತು. ಹುಡುಕಲೇ, ಅಂದೆ, ನಿಮ್ಮಪ್ಪ ಬಂದ್ರೂ ಸಿಗೂದಿಲ್ಲ. ಬಿಡ್ತು ನೋಡ್ರಿ ಕಾಲು! ಕಾರ್ಖಾನ್ಯಾಗಿನ ಮಗ್ಗ ಎಲ್ಲಾ ಕೂಡಿ ಒಮ್ಮೆ ಖಟಕ್ ಅಂದ್ವು, ನನಗ ಸಲಾಮ ಹೊಡಧಂಗ. ಬನಹಟ್ಟಿ ಮಟಾ ಹಾಡ್ಕೊಂತ ಬಂದ್ವಿ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಇನ್ನೂ ಅಲ್ಲೇ ಇದ್ದಾನೇನು ಎಂದು ಕೆಲಸದವರಲ್ಲಿ ಒಬ್ಬನಾದ ಬಸಗೊಂಡಪ್ಪ ಕೇಳಿದ.

"ಅಲ್ಲೀ ಬೋರ್ಡು ತಗದಾರಂತ. ಈಗ ಯಾರ ಬೇಕಾದ್ರೂ ಕುಂಡ್ರತಾರಂತ." ಇಂದ್ರವ್ವ ಆಕಳಿಸಿದಳು. "ಹೋಗೂವಾಗ ಟೆಂಪೊದಾಗ ಹನ್ನೊಂದ ಮಂದಿ ಆರಾಮ ಕುಂತಿದ್ವಿ. ಬರೂವಾಗ ಯಾಕೋ ಜಾಗಾ ಸಾಲಲಿಲ್ಲ."

ಮೂರನೆಯ ಮಗ್ಗದಲ್ಲಿ ಟಕ್ ಎಂದಿತು. ಶೇವಂತಿಯ ಅಂಗೈ ಕೆಳಗೆ ಎಳೆ ಹರಿದಿತ್ತು.

ಇಂದ್ರವ್ವ ತಿರುಗಿ ನೋಡದೆಯೇ ವಿಭೂತಿಯ ಡಬ್ಬಿ ಹಿಂದಕ್ಕೆ ಚಾಚಿದಳು.

"ತಗೋ ಬೇ ಶೇವಂತಿ, ಹೊಸಿ. ನಾಳೆ ಕೆಲಸಕ್ಕ ಬಾ, ಮೊದಲ್ನೇ ಸಲಾ ಅಂವ ಏನೂ ಅನ್ನೂದಿಲ್ಲ. ಎರಡನೇ ಸಲಕ್ಕ... ನಿನ್ನ ಕಾಲು ನೀನ ನೋಡ್ಕೊ."